ಚಳಿ ಕಲಿಯಲು ಹೊರಟ ಉಯಂಗಾ

ಮಂಗೋಲಿಯಾದ ರಾಜಧಾನಿ ಉಲಾನ್‌ಬಾತರಿನ ಉತ್ತರದ ಗುಡ್ಡದ ಓಣಿಗಳಲ್ಲಿ ಚಳಿಗಾಲದ ಬೆಳಗು ಶುರುವಾಗುವುದೇ ಕೆಮ್ಮಿನಿಂದ. ಮೊದಲು ಪಕ್ಕದ ಮನೆಯ ಮುದುಕ ಕೆಮ್ಮುತ್ತಾನೆ. ಆಮೇಲೆ ಎದುರು ಮನೆಯ ಕೂಸು. ಆಮೇಲೆ ಓಣಿಗೆ ಓಣಿಯೇ. ಪ್ರತಿ ಮನೆಯ ಕೊಳವೆಯಿಂದಲೂ ಕಲ್ಲಿದ್ದಲ ಹೊಗೆ ಎದ್ದು, ಮೇಲೆ ಹೋಗಲಾರದೆ ಅಲ್ಲೇ ಕೂರುತ್ತದೆ. ಒಲೆ ಉರಿಸದಿದ್ದರೆ ಚಳಿಗೆ ಸಾಯಬೇಕು, ಉರಿಸಿದರೆ ಹೊಗೆಗೆ ಕೆಮ್ಮಬೇಕು.

ಆ ಓಣಿಯಲ್ಲೇ ಯಾಂಜ್ಮಜ್ಜಿಯ ಮನೆ. ಅವಳಿಗೆ ಆಗ ಅರವತ್ತನಾಲ್ಕು ವರ್ಷ. ಮೂವತ್ತು ವರ್ಷ ಕನ್ನಡಕದ ಗಾಜು ತಿಕ್ಕಿ ನಿವೃತ್ತಿಯಾದವಳು. ಮಗ ಚುಲೂನ್ ತಗಡು ಕತ್ತರಿಸಿ, ಬೆಸುಗೆ ಹಾಕಿ ಒಲೆ ಮಾಡಿ ಮಾರುತ್ತಿದ್ದ. ಸೊಸೆ ಬೋರ್ಮಾಗೆ ಬೇಕರಿಯಲ್ಲಿ ಕೆಲಸ. ಅವರ ಒಬ್ಬಳೇ ಮಗಳು ಉಯಂಗಾ, ಹದಿನೆಂಟರ ಹುಡುಗಿ.

ಹೊಸವರ್ಷದ ಬಿಳಿ ತಿಂಗಳ ಹಬ್ಬಕ್ಕೆ ಇನ್ನು ಒಂಬತ್ತು ದಿನ ಇತ್ತು. ಹಬ್ಬಕ್ಕೆ ಬರುವವರಿಗೆಲ್ಲ ಬೂಜ್ ಬೇಕು. ಬೂಜ್ ಅಂದರೆ ಮಾಂಸ ತುಂಬಿ ಹಬೆಯಲ್ಲಿ ಬೇಯಿಸುವ ಕಡುಬು. ಒಂದೂವರೆ ಸಾವಿರ ಆಗಬೇಕಿತ್ತು. ಮನೆಯವರೆಲ್ಲ ಮೇಜಿನ ಸುತ್ತ ಕೂತು ಮಡಿಸುತ್ತಿದ್ದರು. ತಟ್ಟೆ ತುಂಬಿದ ಹಾಗೆ ಉಯಂಗಾ ಹೊರಗಿಟ್ಟು ಬರುತ್ತಿದ್ದಳು. ಹೊರಗೆ ಇಟ್ಟ ಗಳಿಗೆಯಲ್ಲೇ ಕಡುಬು ಕಲ್ಲಾಗುತ್ತಿತ್ತು.

ಸಕ್ಕರೆ ಡಬ್ಬಿಯ ಕೆಳಗೆ ಒಂದು ಕಾಗದ ಇತ್ತು. ಎರಡು ವಾರದಿಂದ ಅಲ್ಲೇ ಇತ್ತು. ಜಪಾನ್ ಸರ್ಕಾರದ ವಿದ್ಯಾರ್ಥಿವೇತನ ಉಯಂಗಾಳಿಗೆ ಸಿಕ್ಕಿತ್ತು. ಒಂದು ವರ್ಷ ಭಾಷೆ, ನಾಲ್ಕು ವರ್ಷ ಓದು. ಚಳಿ ದೇಶದಲ್ಲಿ ಮನೆ ಹೇಗೆ ಕಟ್ಟಬೇಕು ಅನ್ನುವುದೇ ಅವಳು ಆರಿಸಿಕೊಂಡ ವಿಷಯ. ಕಾಗದಕ್ಕೆ ಮನೆಯವರ ಸಹಿ ಬೇಕಿತ್ತು. ಚುಲೂನ್ ಸಹಿ ಹಾಕಿರಲಿಲ್ಲ. ಹಾಕುವುದಿಲ್ಲ ಅಂತಲೂ ಹೇಳಿರಲಿಲ್ಲ. ಸಕ್ಕರೆ ಬೇಕಾದಾಗ ಡಬ್ಬಿ ಎತ್ತುತ್ತಿದ್ದ, ಕಾಗದ ನೋಡುತ್ತಿದ್ದ, ಡಬ್ಬಿಯನ್ನು ಮತ್ತೆ ಅದರ ಮೇಲೇ ಇಡುತ್ತಿದ್ದ.

"ಅಪ್ಪಾ, ಇನ್ನು ಆರೇ ದಿನ ಇರೋದು," ಅಂದಳು ಉಯಂಗಾ.

"ಗೊತ್ತು."

"ಗೊತ್ತಿದ್ರೆ ಸಹಿ ಹಾಕು."

ಚುಲೂನ್ ಹಿಟ್ಟಿನ ಕೈ ಒರೆಸಿಕೊಂಡ. "ಅಲ್ಲ ಕಣೇ, ಚಳಿ ಕಲಿಯೋಕೆ ಜಪಾನಿಗೆ ಹೋಗ್ಬೇಕಾ? ನಮ್ಮ ಅಂಗಳದಲ್ಲಿ ಹೋಗಿ ಅರ್ಧ ಗಂಟೆ ನಿಲ್ಲು. ಪದವಿ ತಾನಾಗೇ ಬರತ್ತೆ."

ಬೋರ್ಮಾ ನಕ್ಕಳು. ಉಯಂಗಾ ನಗಲಿಲ್ಲ.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಸೆಲೆಂಗೆ ಬಂದಳು. ಕೆಳಗಿನ ಓಣಿಯವಳು, ಉಯಂಗಾಳ ಶಾಲೆಯಲ್ಲಿ ವಿಜ್ಞಾನದ ಮೇಡಂ. ಹಿಂದೆ ಮೂರು ವರ್ಷ ಜಪಾನಿನ ಉತ್ತರದ ದ್ವೀಪದಲ್ಲಿ ಓದಿ ಬಂದವಳು. ಕಡುಬು ಮಡಿಸೋಕೆ ಅಂತ ತನ್ನದೇ ಲಟ್ಟಣಿಗೆ ತಂದಿದ್ದಳು.

"ಬಾರಮ್ಮ ಬಾ," ಅಂದ ಚುಲೂನ್. "ನನ್ನ ಮಗಳ ತಲೆ ಕೆಡಿಸಿದವಳು ನೀನೇ. ಕೂತು ಕಡುಬು ಮಡಿಸಿ ತೀರಿಸು."

"ತಲೆ ಕೆಡಿಸಿಲ್ಲ ಅಣ್ಣ. ಅರ್ಜಿ ಎಲ್ಲಿ ಸಿಗತ್ತೆ ಅಂತ ಹೇಳ್ದೆ. ಪರೀಕ್ಷೆ ಬರೆದು ಗೆದ್ದವಳು ಅವಳು."

ಬೋರ್ಮಾ ಮಾಂಸದ ಪಾತ್ರೆ ಮುಂದಕ್ಕೆ ತಳ್ಳಿದಳು. "ಸೆಲೆಂಗೆ, ನನಗೆ ನಿಜ ಹೇಳು. ನನ್ನ ಅಕ್ಕನ ಮಗಳನ್ನೂ ಹೀಗೇ ಓದಿಸ್ತೀವಿ ಅಂತ ಒಬ್ಬ ಕರ್ಕೊಂಡು ಹೋದ. ದಳ್ಳಾಳಿ. ಚಂದದ ಕೋಟು ಹಾಕಿದ್ದ. ಅಲ್ಲಿ ಹೋದ ಮೇಲೆ ಕಾಲೇಜೇ ಇಲ್ಲ. ಪಾಸ್‌ಪೋರ್ಟ್ ಕಿತ್ಕೊಂಡು ಗೋದಾಮಿನಲ್ಲಿ ಡಬ್ಬ ಕಟ್ಟೋಕೆ ಹಾಕಿದ್ರು. ಏಳು ತಿಂಗಳಾದ ಮೇಲೆ ಹುಡುಗಿ ಮನೆಗೆ ಬಂದ್ಳು, ಕಡ್ಡಿ ಹಾಗೆ ಆಗಿದ್ಳು."

"ಅದು ನಡೆದಿದ್ದು ನಿಜ ಅಕ್ಕ. ಇನ್ನೂ ನಡೀತಿದೆ," ಅಂದಳು ಸೆಲೆಂಗೆ. "ಅದಕ್ಕೇ ಹೇಳೋದು, ದಳ್ಳಾಳಿ ಮಾತು ಕೇಳಬೇಡಿ ಅಂತ. ಕಾಲೇಜು ಇದೆಯೋ ಇಲ್ಲವೋ ಅಂತ ಆ ದೇಶದ ರಾಯಭಾರ ಕಚೇರಿಲೇ ಕೇಳಬಹುದು, ಅದಕ್ಕೇನೂ ಕೊಡಬೇಕಾಗಿಲ್ಲ. ಸೀಟು ಸಿಕ್ಕಿದ ಕಾಗದ ನೇರ ಕಾಲೇಜಿಂದ ಬರಬೇಕು. ಪಾಸ್‌ಪೋರ್ಟನ್ನು ಯಾರ ಕೈಗೂ ಇಟ್ಕೊಳ್ಳೋಕೆ ಕೊಡಬಾರದು, ಅವನು ದೇವರ ಥರ ಕಂಡ್ರೂ ಸರಿ."

"ಕೋಟು ಹಾಕಿದ್ರೂ ಸರಿ," ಅಂದಳು ಬೋರ್ಮಾ.

"ಕೋಟು ಹಾಕಿದ್ರಂತೂ ಕೊಡಲೇಬಾರದು."

ಎಲ್ಲರೂ ನಕ್ಕರು. ಚುಲೂನ್ ಮಾತ್ರ ಕಡುಬಿನ ಅಂಚು ಒತ್ತುತ್ತಾ ಕೇಳಿದ. "ಅಲ್ಲಿನ ಮನೆಗಳು ಅಷ್ಟು ಬೆಚ್ಚಗಿರ್ತಾವಾ? ಎಷ್ಟು ದೊಡ್ಡ ಒಲೆ ಇಡ್ತಾರೆ?"

"ಒಲೆ ಸಣ್ಣದೇ ಅಣ್ಣ. ಗೋಡೆ ದಪ್ಪ. ಗೋಡೆ ಒಳಗೆ ಗೇಣುದ್ದ ಉಣ್ಣೆಯಂಥದ್ದು ತುಂಬಿರ್ತಾರೆ. ಕಿಟಕಿಗೆ ಎರಡೆರಡು ಗಾಜು. ಬಾಗಿಲ ಸಂದಿಲಿ ಒಂದು ಎಳೆ ಗಾಳಿ ಬರಲ್ಲ."

"ಗಾಳಿ ಬರಲ್ವಾ? ಹಾಗಾದ್ರೆ ಉಸಿರು ಕಟ್ಟಲ್ವಾ?"

"ಕಟ್ಟದ ಹಾಗೆ ಮಾಡೋದು ಹೇಗೆ ಅಂತಾನೇ ನಿಮ್ಮ ಮಗಳು ಕಲಿಯೋಕೆ ಹೊರಟಿರೋದು."

ಚುಲೂನ್ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. ಒಲೆ ಮಾಡುವವನಿಗೆ ಒಲೆಯ ಮಾತು ಬಂದರೆ ಕಿವಿ ನೆಟ್ಟಗಾಗುತ್ತದೆ. ಯಾಂಜ್ಮಜ್ಜಿ ಅದನ್ನು ಗಮನಿಸಿದಳು. ಅವಳ ಕೈ ಕಡುಬು ಮಡಿಸುತ್ತಿತ್ತು, ಮನಸ್ಸು ಎಲ್ಲೋ ಹೋಗಿತ್ತು.

"ಅಜ್ಜಿ, ನೀನಾದ್ರೂ ಹೇಳು," ಅಂದಳು ಉಯಂಗಾ. "ನೀನು ಹೋಗಿದ್ದಿ ತಾನೆ? ಆಗ ಹೇಗಿತ್ತು?"

ಹೇಗಿತ್ತು! ಯಾಂಜ್ಮಜ್ಜಿಗೆ ನಗು ಬಂತು.

"ಹತ್ತೊಂಬತ್ತು ವರ್ಷ ನನಗೆ. ಹನ್ನೆರಡು ಜನರನ್ನ ಆರಿಸಿ ಪೂರ್ವ ಜರ್ಮನಿಗೆ ಕಳಿಸಿದ್ರು. ಎಂಟು ದಿನ ರೈಲು. ದಾರಿ ಉದ್ದಕ್ಕೂ ಒಣಗಿದ ಮೊಸರಿನ ಗಟ್ಟಿ ಕಡಿದ್ವಿ. ಅಲ್ಲಿ ಇಳಿದಾಗ ರಸ್ತೆ ಬದೀಲಿ ಒಂದು ಮರ. ಮರದ ತುಂಬ ಸೇಬು. ನಾನು ಸೇಬು ನೋಡಿದ್ದು ಪೆಟ್ಟಿಗೇಲಿ. ಅದು ಮರದಲ್ಲಿ ನೇತಾಡ್ತದೆ ಅಂತ ಯಾರಿಗೆ ಗೊತ್ತಿತ್ತು? ಕಾಯೋರು ಎಲ್ಲಿ ಅಂತ ಸುತ್ತ ಹುಡುಕಿದೆ!"

"ಕಿತ್ತಿಯಾ ಅಜ್ಜಿ?"

"ಮೂರು. ಕೋಟಿನ ಜೇಬಲ್ಲಿ."

ಅವಳ ಮಾತು ನಿಲ್ಲಲಿಲ್ಲ. ಅಲ್ಲಿನ ಹಾಸ್ಟೆಲ್ ಕೋಣೆಯಲ್ಲಿ ನಾಲ್ಕು ಜನ ಹುಡುಗಿಯರು. ವಿಯೆಟ್ನಾಮಿನ ಲಿಯೆನ್, ಕ್ಯೂಬಾದ ಒಬ್ಬಳು, ಬಲ್ಗೇರಿಯಾದ ಒಬ್ಬಳು, ಇವಳು. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಮೊದಲ ತಿಂಗಳು ಎಲ್ಲರೂ ಕೈಸನ್ನೆಯಲ್ಲೇ ಜಗಳ ಆಡಿದರು. ಎರಡನೇ ತಿಂಗಳಿಗೆ ಜರ್ಮನ್‌ನಲ್ಲಿ ಜಗಳ ಆಡಲು ಬಂತು. ಲಿಯೆನ್ ಅನ್ನ ಮಾಡುತ್ತಿದ್ದಳು, ಇವಳು ತನ್ನೂರಿನ ರೂಢಿಯಂತೆ ಚಹಾಕ್ಕೆ ಉಪ್ಪು ಹಾಕುತ್ತಿದ್ದಳು, ಮಿಕ್ಕವರು ಮುಖ ಸಿಂಡರಿಸುತ್ತಿದ್ದರು. ಆರನೇ ತಿಂಗಳಿಗೆ ನಾಲ್ಕೂ ಜನಕ್ಕೆ ಉಪ್ಪು ಚಹಾ ಬೇಕಾಯಿತು. ಗಾಜು ತಿಕ್ಕುವುದನ್ನು ಕಲಿಸಿದವರು ಕ್ರಾಂಪ್ ಮೇಷ್ಟ್ರು. ಕೂದಲೆಳೆಯಷ್ಟು ತಪ್ಪಾದರೂ ಗಾಜನ್ನು ಅವಳ ಕೈಗೇ ಕೊಟ್ಟು, "ಇದನ್ನು ನಿನ್ನ ಅಮ್ಮನ ಕಣ್ಣಿಗೆ ಇಡ್ತೀಯಾ?" ಅನ್ನುತ್ತಿದ್ದರು. ಅವಳು ತಲೆ ತಗ್ಗಿಸಿ ಮತ್ತೆ ತಿಕ್ಕುತ್ತಿದ್ದಳು.

"ವಾಪಸು ಬಂದ ಮೇಲೆ ಲಾರೀಲಿ ಹಳ್ಳಿಹಳ್ಳಿ ಸುತ್ತಿದೆ," ಅಂದಳು ಅಜ್ಜಿ. "ಐವತ್ತು ದಾಟಿದ ಹೆಂಗಸರಿಗೆ ಸೂಜಿಗೆ ದಾರ ಪೋಣಿಸೋಕೆ ಆಗ್ತಿರಲಿಲ್ಲ. ಅದು ವಯಸ್ಸಿನ ಶಾಪ ಅಂತ ಸುಮ್ಮನಿದ್ರು. ಒಬ್ಬಳಿಗೆ ಕನ್ನಡಕ ಹಾಕಿದೆ. ಅವಳು ಸೂಜಿ ನೋಡ್ಲಿಲ್ಲ. ಗಂಡನ ಮುಖ ನೋಡಿ, 'ಅಯ್ಯೋ! ಇವನು ಯಾವಾಗ ಇಷ್ಟು ಮುದುಕ ಆದ?' ಅಂತ ಅಳೋಕೆ ಶುರು ಮಾಡಿದ್ಲು."

ಬೋರ್ಮಾ ಬಿದ್ದು ಬಿದ್ದು ನಕ್ಕಳು. ಸೆಲೆಂಗೆ ಕಣ್ಣೊರೆಸಿಕೊಂಡಳು.

"ನಾನು ಹೋಗದೇ ಇದ್ದಿದ್ರೆ ಆ ಗಾಜು ಅಲ್ಲೇ ಉಳೀತಿತ್ತು. ಅವಳು ಇಲ್ಲೇ ಕುರುಡಾಗಿ ಇರ್ತಿದ್ಲು," ಅಂದಳು ಯಾಂಜ್ಮಜ್ಜಿ.

ಚುಲೂನ್ ಎದ್ದ. ಕೈಯಲ್ಲಿದ್ದ ಅರ್ಧ ಮಡಿಸಿದ ಕಡುಬನ್ನು ಮೇಜಿನ ಮೇಲಿಟ್ಟ.

"ಊರಿಗೆಲ್ಲ ಕಣ್ಣು ಕೊಟ್ಟೆ ಅಮ್ಮ. ಒಪ್ಪಿದೆ," ಅಂದ. "ನಾನು ಮಾತ್ರ ಎರಡು ವರ್ಷ ನಿನ್ನನ್ನ ಫೋಟೋದಲ್ಲಿ ನೋಡ್ದೆ."

ಬಾಗಿಲು ದಡ್ ಅಂತ ಮುಚ್ಚಿತು. ತಣ್ಣನೆ ಗಾಳಿ ಒಳಗೆ ನುಗ್ಗಿ ಮೇಜಿನ ಮೇಲಿನ ಹಿಟ್ಟನ್ನು ಹಾರಿಸಿತು.

ಯಾಂಜ್ಮಜ್ಜಿಗೆ ಅರ್ಥವಾಯಿತು. ಎರಡು ವಾರದಿಂದ ಸಕ್ಕರೆ ಡಬ್ಬಿ ಕೂತಿದ್ದು ಯಾವ ಗಾಯದ ಮೇಲೆ ಅಂತ ಗೊತ್ತಾಯಿತು. ಮೊದಲ ಸಲದ ಓದಿನ ಮಾತಲ್ಲ ಇದು. ಚುಲೂನ್‌ಗೆ ಐದು ವರ್ಷ ಆಗಿದ್ದಾಗ ಅವಳನ್ನು ಇನ್ನೊಮ್ಮೆ ಕಳಿಸಿದ್ದರು, ಎರಡು ವರ್ಷದ ಹೆಚ್ಚಿನ ತರಬೇತಿಗೆ. ಗಂಡ ತೀರಿಕೊಂಡಿದ್ದ. ಮಗುವನ್ನು ಹುಲ್ಲುಗಾವಲಿನಲ್ಲಿ, ತನ್ನ ಅಪ್ಪನ ಹತ್ತಿರ ಬಿಟ್ಟು ಹೋಗಿದ್ದಳು. ಆ ಮಾತನ್ನು ಮನೆಯಲ್ಲಿ ಮೂವತ್ತೈದು ವರ್ಷದಿಂದ ಯಾರೂ ಎತ್ತಿರಲಿಲ್ಲ.

ಅವಳು ಶಾಲು ಹೊದ್ದು ಅಂಗಳ ದಾಟಿ ಮಗನ ತಗಡಿನ ಶೆಡ್ಡಿಗೆ ಹೋದಳು. ಅವನು ಮಾಡಿ ಮುಗಿಸಿದ ಒಲೆಯೊಂದನ್ನು ಸುಮ್ಮನೆ ಉಜ್ಜುತ್ತಾ ನಿಂತಿದ್ದ.

"ಆ ದಿನ ಲಾರಿ ಬೇಗ ಬಂತು," ಅಂದಳು ಅವಳು. "ನೀನು ತಾತನ ಜೊತೆ ಕುರಿಮರಿ ನೋಡೋಕೆ ಹೋಗಿದ್ದೆ."

"ಗೊತ್ತು."

"ಕಾಯಬಹುದಿತ್ತು. ಡ್ರೈವರ್ ಕಾಯ್ತೀನಿ ಅಂದ. ನಾನೇ ಬೇಡ ಅಂದೆ. ನೀನು ಅತ್ರೆ ಹೋಗೋಕೆ ಆಗಲ್ಲ ಅಂತ ಭಯ ಆಯ್ತು. ಕದ್ದು ಹೋದ ಹಾಗೆ ಹೋದೆ."

ಚುಲೂನ್‌ನ ಕೈ ನಿಂತಿತು. "ನಾನು ಚಕ್ರದ ಗುರುತು ಹಿಡಿದು ಓಡ್ದೆ ಅಮ್ಮ. ನದಿ ತನಕ. ಅಲ್ಲಿ ಗುರುತು ಮುಗೀತು. ಹೇಳದೇ ಹೋದ್ಲಲ್ಲ, ಏನೋ ತಪ್ಪು ಮಾಡಿದೀನಿ ಅಂದ್ಕೊಂಡೆ. ಯಾವ ತಪ್ಪು ಅಂತ ಎರಡು ವರ್ಷ ಯೋಚಿಸ್ದೆ."

ಯಾಂಜ್ಮಜ್ಜಿಗೆ ನೆನಪಾಯಿತು. ವಾಪಸು ಬಂದ ದಿನ ಆ ಏಳು ವರ್ಷದ ಮಗು ತಾತನ ಹಿಂದೆ ಅವಿತುಕೊಂಡು, "ಈ ಚಿಕ್ಕಮ್ಮ ಯಾವಾಗ ವಾಪಸ್ ಹೋಗ್ತಾಳೆ?" ಅಂತ ಕೇಳಿತ್ತು. ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು. ಅವತ್ತೇ ಅಳಬೇಕಿತ್ತು.

"ನಿನ್ನದೇನೂ ತಪ್ಪಿರಲಿಲ್ಲ ಮಗನೇ. ಹೋಗಿದ್ದಕ್ಕೆ ನನಗೆ ಬೇಜಾರಿಲ್ಲ, ಸುಳ್ಳು ಹೇಳಲ್ಲ. ಹೇಳದೇ ಹೋಗಿದ್ದು ತಪ್ಪು. ಅದು ನನ್ನದು. ಆಗ ಫೋನಿಲ್ಲ, ಕಾಗದ ಬರೋಕೆ ಎರಡು ತಿಂಗಳು, ತಾತನಿಗೆ ಓದೋಕೆ ಬರ್ತಿರಲಿಲ್ಲ. ಆದ್ರೆ ನಿನ್ನ ಕೆನ್ನೆ ಹಿಡಿದು ಹೇಳಿ ಹೋಗೋಕೆ ಫೋನ್ ಬೇಕಿರಲಿಲ್ಲ."

ಅವನು ಮುಖ ತಿರುಗಿಸಿಕೊಂಡ. ಕೊನೆಗೆ ಅವನು ಮೂಗು ಒರೆಸಿಕೊಂಡು, "ಒಳಗೆ ನಡಿ. ನೆಗಡಿ ಆಗತ್ತೆ," ಅಂದ.

ಮರುದಿನ ಬೆಳಿಗ್ಗೆ ಚುಲೂನ್ ಹೊಸ ಅಂಗಿ ಹಾಕಿ ಸೆಲೆಂಗೆಯ ಮನೆ ಬಾಗಿಲು ತಟ್ಟಿದ. "ಆ ಕಚೇರಿ ಎಲ್ಲಿ? ನಾನೇ ಕೇಳ್ಬೇಕು," ಅಂದ. ಸೆಲೆಂಗೆ, ಉಯಂಗಾ, ಅವನು ಮೂವರೂ ಬಸ್ಸು ಹತ್ತಿದರು. ಅಲ್ಲಿನ ಮಾಹಿತಿ ಕೇಂದ್ರದಲ್ಲಿ ಅವನು ಒಂದೂವರೆ ಗಂಟೆ ಕೂತ. ಕಾಲೇಜಿನ ಹೆಸರು ಪಟ್ಟಿಯಲ್ಲಿದೆಯಾ? ಹಾಸ್ಟೆಲಿನಲ್ಲಿ ಹೆಣ್ಣುಮಕ್ಕಳಿಗೆ ಬೇರೆ ಮಹಡಿ ಇದೆಯಾ? ಕಾಯಿಲೆ ಬಿದ್ದರೆ ಯಾರು ನೋಡಿಕೊಳ್ತಾರೆ? ಓದಿನ ಜೊತೆ ಕೆಲಸ ಮಾಡಿದರೆ ವಾರಕ್ಕೆ ಎಷ್ಟು ಗಂಟೆಗೆ ಒಪ್ಪಿಗೆ? ಭಾಷೆ ಬಾರದೆ ಮೊದಲ ವರ್ಷ ಫೇಲಾದರೆ? ಅಲ್ಲಿನ ಅಧಿಕಾರಿ ಒಂದೊಂದಕ್ಕೂ ಉತ್ತರ ಕೊಟ್ಟರು. ಆರೋಗ್ಯ ವಿಮೆಯ ಪುಟ ತೆಗೆದು ತೋರಿಸಿದರು. ತಮಗೆ ಗೊತ್ತಿಲ್ಲದ ಎರಡು ಪ್ರಶ್ನೆಗೆ ಕಾಲೇಜಿಗೇ ಪತ್ರ ಬರೆದು ಕೇಳಿದರು. ಮೂರನೇ ದಿನ ಉತ್ತರ ಬಂತು.

ಉತ್ತರ ಬಂದ ಸಂಜೆ ಚುಲೂನ್ ಮಗಳನ್ನು ಎದುರಿಗೆ ಕೂರಿಸಿಕೊಂಡ.

"ಓದಿ ವಾಪಸ್ ಬರ್ತೀಯಾ?"

ಉಯಂಗಾ ಸ್ವಲ್ಪ ಯೋಚಿಸಿದಳು. "ಬರಬೇಕು ಅಂತಾನೇ ಆಸೆ ಅಪ್ಪ. ಆದ್ರೆ ಐದು ವರ್ಷದ ಆಮೇಲಿನ ಮಾತು ಈಗ ಕೊಟ್ರೆ ಅದು ಸುಳ್ಳಾಗಬಹುದು. ಪ್ರತಿ ಭಾನುವಾರ ಫೋನ್ ಮಾಡ್ತೀನಿ. ಅದು ಸುಳ್ಳಾಗಲ್ಲ."

ಬೋರ್ಮಾ ಗಂಡನ ಕಡೆ ನೋಡಿದಳು. ಗಂಡ ತಾಯಿಯ ಕಡೆ ನೋಡಿದ. ತಾಯಿ ಕಡುಬಿನ ತಟ್ಟೆಯ ಕಡೆ ನೋಡಿದಳು.

"ಪೆನ್ನು ಎಲ್ಲಿ?" ಅಂದ ಚುಲೂನ್.

ಮಾರ್ಚ್ ಕೊನೆಯಲ್ಲಿ ಉಯಂಗಾ ಹೊರಟಳು. ವಿಮಾನಕ್ಕೆ ಇನ್ನೂ ಐದು ಗಂಟೆ ಇದ್ದಾಗಲೇ ಚುಲೂನ್ ಬಾಡಿಗೆ ಕಾರಿನವನನ್ನು ಅವಸರ ಮಾಡಿದ. ಬೀಳ್ಕೊಡುವಾಗ ಮಗಳ ಒಂದು ಕೆನ್ನೆಗೆ ಮಾತ್ರ ಮುತ್ತಿಟ್ಟು, "ಇನ್ನೊಂದು ಬಂದ ಮೇಲೆ," ಅಂದ. ಕಾರು ಇಳಿಜಾರಿನಲ್ಲಿ ಮರೆಯಾಗುವ ತನಕ ಯಾಂಜ್ಮಜ್ಜಿ, ಪ್ರಯಾಣ ಸುಖವಾಗಲಿ ಅಂತ, ಮರದ ಸೌಟಿನಿಂದ ದಾರಿಗೆ ಹಾಲು ಎರಚಿದಳು. ತಾನು ಜರ್ಮನಿಗೆ ಹೊರಟಾಗ ಅವಳ ಅಮ್ಮನೂ ಹೀಗೇ ಎರಚಿದ್ದಳು. ಆಗ ಕಣ್ಣು ಮಂಜಾಗಿದ್ದ ಅಮ್ಮ ಮಗಳು ಎತ್ತ ಹೋದಳು ಅಂತ ಕಾಣದೆ, ಸದ್ದು ಬಂದ ಕಡೆಗೆ ಎರಚಿದ್ದಳು.

ಎಲ್ಲವೂ ಸಲೀಸಾಗಲಿಲ್ಲ. ಮೊದಲ ಮೂರು ತಿಂಗಳು ಉಯಂಗಾ ಫೋನಿನಲ್ಲಿ ಅತ್ತಳು. ಪಾಠ ತಲೆಗೆ ಹೋಗುತ್ತಿಲ್ಲ, ಮೀನಿನ ವಾಸನೆ ತಡೆಯಲಾಗುತ್ತಿಲ್ಲ, ವಾಪಸು ಬರುತ್ತೇನೆ ಅಂದಳು. ಯಾಂಜ್ಮಜ್ಜಿ, "ಆರು ತಿಂಗಳು ತಡಿ. ಆಮೇಲೂ ಹೀಗೇ ಅನ್ನಿಸಿದ್ರೆ ಬಾ, ನಾನೇ ಬಾಗಿಲು ತೆಗೀತೀನಿ," ಅಂದಳು. ಆರು ತಿಂಗಳು ಕಳೆಯಿತು. ಬಾಗಿಲು ತೆಗೆಯಬೇಕಾಗಲಿಲ್ಲ. ಆಮೇಲೆ ಕೊರೊನಾ ಬಂತು, ಗಡಿ ಮುಚ್ಚಿತು. ಎರಡು ಬೇಸಿಗೆ ಮಗಳಿಗೆ ಮನೆಗೆ ಬರಲಾಗಲಿಲ್ಲ. ಚುಲೂನ್ ಹೆದರಿದ್ದೇ ಆಯಿತು. ಆದರೆ ಭಾನುವಾರ ಒಂದೂ ತಪ್ಪಲಿಲ್ಲ. ಕಾಲೇಜಿನವರು ಬಾಗಿಲಿಗೇ ಊಟ ತಂದಿಟ್ಟರು. ಹಾಸ್ಟೆಲಿನ ಇಂಡೋನೇಷ್ಯಾದ ಗೆಳತಿ ಜ್ವರದಲ್ಲಿ ಗಂಜಿ ಮಾಡಿಕೊಟ್ಟಳು. ಚುಲೂನ್ ಪರದೆಯಲ್ಲೇ ಆ ಹುಡುಗಿಗೆ ಕೈ ಮುಗಿದ. ಅವಳಿಗೆ ಅವನ ಮಾತು ಅರ್ಥವಾಗಲಿಲ್ಲ, ಮುಖ ಅರ್ಥವಾಯಿತು.

ಗಡಿ ತೆರೆದ ವರ್ಷದ ಬೇಸಿಗೆಯಲ್ಲಿ ಉಯಂಗಾ ಬಂದಳು. ಒಂದು ವಾರವೂ ಸುಮ್ಮನೆ ಕೂರಲಿಲ್ಲ. ತಮ್ಮ ನಾಡಿನದೇ ಕುರಿ ಉಣ್ಣೆಯನ್ನು ಒತ್ತಿ ಹಲಗೆ ಹಾಗೆ ಮಾಡಿ ಮನೆಯ ನಾಲ್ಕೂ ಗೋಡೆಗೆ, ಸೂರಿಗೆ ತುಂಬಿಸಿದಳು. ಗಾಳಿ ಆಡುವ ಕೊಳವೆಗೆ ಎಲ್ಲಿ ತೂತು ಕೊರೆಯಬೇಕು ಅಂತ ಅಪ್ಪನ ಜೊತೆ ಎರಡು ದಿನ ಜಗಳವಾಡಿದಳು. ಅಪ್ಪ ತನ್ನ ಜೀವನದಲ್ಲೇ ಅತಿ ಸಣ್ಣ ಒಲೆ ಮಾಡಿದ. "ಇದು ಒಲೆಯಲ್ಲ, ಚಹಾದ ಡಬ್ಬಿ," ಅಂತ ಗೊಣಗುತ್ತಲೇ ಬೆಸುಗೆ ಹಾಕಿದ.

ಆ ಚಳಿಗಾಲ ಮನೆಗೆ ಅರ್ಧದಷ್ಟು ಕಲ್ಲಿದ್ದಲೂ ಬೇಕಾಗಲಿಲ್ಲ. ಬೆಳಿಗ್ಗೆ ಒಳಗೆ ಬರಿಗಾಲಲ್ಲಿ ಓಡಾಡುವಂತಾಯಿತು. ಎದುರು ಮನೆಯವರು ಬಂದು ಗೋಡೆ ಮುಟ್ಟಿ ನೋಡಿದರು. ಮರುವರ್ಷ ಅವರ ಮನೆಗೂ ಆಯಿತು. ಓಣಿಯಲ್ಲಿ ಈಗ ಇಂಥ ಹನ್ನೊಂದು ಮನೆ. ಹೊಗೆ ಪೂರ್ತಿ ಹೋಗಿಲ್ಲ. ಆದರೆ ಎದುರು ಮನೆಯ ಕೂಸು ಈಗ ಶಾಲೆಗೆ ಹೋಗುತ್ತದೆ, ರಾತ್ರಿಯಿಡೀ ನಿದ್ದೆ ಮಾಡುತ್ತದೆ.

ಉಯಂಗಾ ಓದು ಮುಗಿಸಿ ವಾಪಸು ಬಂದಳು. ತನ್ನ ಇಷ್ಟದಿಂದಲೇ ಬಂದಳು. ಅವಳ ಫೋನಿನಲ್ಲಿ ಆರು ದೇಶದ ಗೆಳೆಯರಿದ್ದಾರೆ. ಗೋಡೆಯ ವಿಷಯ ತಿಳಿಯದಿದ್ದರೆ ಅವರಲ್ಲೊಬ್ಬರನ್ನು ಕೇಳುತ್ತಾಳೆ, ಅವರಿಗೆ ತಿಳಿಯದಿದ್ದರೆ ಅವರು ಇವಳನ್ನು ಕೇಳುತ್ತಾರೆ. ಓಣಿಯ ಬೇರೆ ಮಕ್ಕಳ ಅಪ್ಪಂದಿರು ಈಗ ಚುಲೂನ್‌ನ ಶೆಡ್ಡಿಗೆ ಬರುತ್ತಾರೆ. ಅವನು ಬೆಸುಗೆ ನಿಲ್ಲಿಸಿ, ಕನ್ನಡಕ ಹಣೆಗೇರಿಸಿ, "ಪಾಸ್‌ಪೋರ್ಟ್ ಯಾರ ಕೈಗೂ ಕೊಡಬೇಡಿ" ಅಂತ ಶುರು ಮಾಡುತ್ತಾನೆ. ಯಾಂಜ್ಮಜ್ಜಿ ಕಿಟಕಿಯಿಂದ ಅದನ್ನು ಕೇಳಿಸಿಕೊಳ್ಳುತ್ತಾಳೆ. ಲಿಯೆನ್ ಎಲ್ಲಿದ್ದಾಳೋ, ಕ್ರಾಂಪ್ ಮೇಷ್ಟ್ರು ಇದ್ದಾರೋ ಇಲ್ಲವೋ, ಆ ಸೇಬಿನ ಮರ ಈಗಲೂ ಹಣ್ಣು ಬಿಡುತ್ತದೋ ಅಂತ ಯೋಚಿಸುತ್ತಾಳೆ. ಐವತ್ತು ವರ್ಷ ಆಗಿ ಹೋಯಿತು. ಆ ಕೋಣೆಯ ಗಲಾಟೆ ಮಾತ್ರ ಕಿವಿಯಲ್ಲಿ ಇನ್ನೂ ಹಾಗೇ ಇದೆ.

ಅಪ್ಪಂದಿರೇ, ಅಮ್ಮಂದಿರೇ, ಹೊರದೇಶದ ಓದು ಅಂದರೆ ಮಗುವನ್ನು ಕಳೆದುಕೊಳ್ಳುವುದಲ್ಲ. ಅಲ್ಲಿನ ಪಾಠ, ಅಲ್ಲಿನ ಗೆಳೆತನ, ಒಬ್ಬರೇ ನಿಂತು ಬದುಕುವ ಧೈರ್ಯ, ಇವು ಇಲ್ಲಿನ ಬದುಕಿಗೂ ಬೇಕು. ವಿದ್ಯಾರ್ಥಿವೇತನ ದೊಡ್ಡ ಮನೆಯ ಮಕ್ಕಳಿಗೆ ಮಾತ್ರ ಅಂದುಕೊಳ್ಳಬೇಡಿ, ಒಲೆ ಮಾಡುವವನ ಮಗಳಿಗೂ ಸಿಗುತ್ತದೆ. ಶಾಲೆಯ ಮೇಷ್ಟ್ರನ್ನು ಕೇಳಿ. ಆ ದೇಶದ ರಾಯಭಾರ ಕಚೇರಿಯನ್ನು, ಕಾಲೇಜನ್ನು ನೇರವಾಗಿ ಕೇಳಿ. ದಳ್ಳಾಳಿಯ ಸಿಹಿ ಮಾತಿಗೆ ಸಹಿ ಹಾಕಬೇಡಿ. ಭಾಷೆಯನ್ನು ಒಂದು ವರ್ಷ ಮೊದಲೇ ಶುರು ಮಾಡಿಸಿ. ಭಯ ಇದ್ದರೆ ಅದನ್ನೂ ಬಾಯಿಬಿಟ್ಟು ಹೇಳಿ, ಹೇಳಿದರೆ ತಾನೇ ಉತ್ತರ ಸಿಗುವುದು?

ನಾಳೆ ನಿಮ್ಮ ಮಗಳೋ ಮಗನೋ ಬಂದು, "ನಾನು ಹೊರಗೆ ಹೋಗಿ ಓದ್ತೀನಿ" ಅಂದರೆ, ದಯವಿಟ್ಟು ನಿಮ್ಮ ಮೊದಲ ಮಾತು "ಬೇಡ" ಅಂತ ಆಗದಿರಲಿ. "ಕೂತ್ಕೋ. ಏನು ಓದ್ತೀಯ? ಎಲ್ಲಿ? ಪೂರ್ತಿ ಹೇಳು, ಕೇಳ್ತೀನಿ" ಅಂತ ಆಗಲಿ.